ಅಪ್‌ಡೇಟ್: ಅಮ್ಮನೊಂದಿಗೆ ಏಪ್ರಿಲ್‌ ಕೊನೆಯಲ್ಲಿ ಲಂಡನ್ ನೋಡಿ ಬಂದೆ

68 ವರ್ಷದ ಅಮ್ಮನನ್ನು ಏಪ್ರಿಲ್ ಕೊನೆಯ ವಾರ ಲಂಡನ್‌ಗೆ ಕರೆದೊಯ್ದರೆ ಅವರಿಗೆ ಚಳಿ ಹೆಚ್ಚಾದೀತೇ ಎಂದು ಫೆಬ್ರುವರಿಯಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು.

ದಪ್ಪ ಕೋಟೊಂದನ್ನೇ ನಂಬದೆ ತೆಳುವಾದ ಉಣ್ಣೆಯ ಬಟ್ಟೆಗಳನ್ನು ಒಂದರ ಮೇಲೊಂದು ಧರಿಸಬೇಕೆಂಬ ಸಲಹೆ ಬಹಳ ಉಪಯೋಗಕ್ಕೆ ಬಂತು. ಮಧ್ಯಾಹ್ನದ ಬಿಸಿಲು ಹಿತವಾಗಿದ್ದರೂ ಸಂಜೆ ಥೇಮ್ಸ್ ದಂಡೆಯ ಗಾಳಿ ಮೈ ಕೊರೆಯುತ್ತಿತ್ತು. ಮೆಟ್ರೊ ರೈಲಿನಲ್ಲಿ ಬ್ಯಾಂಕ್ ಕಾರ್ಡ್‌ನಿಂದಲೇ ಹಣ ಕೊಡುವುದಾದರೆ ಒಬ್ಬೊಬ್ಬರಿಗೂ ಪ್ರತ್ಯೇಕ ಕಾರ್ಡ್ ಬೇಕು. ಇದನ್ನು ಮೊದಲೇ ತಿಳಿದು ಹೋಗುವುದು ಒಳ್ಳೆಯದು.

ಅಲ್ಲಿನ ಸಸ್ಯೋದ್ಯಾನ ಕ್ಯೂ ಗಾರ್ಡನ್ಸ್‌ಗೆ ಅರ್ಧ ದಿನ ಸಾಕೆಂದು ನಾನು ಅಂದುಕೊಂಡಿದ್ದೆ, ಆದರೆ ಇಡೀ ದಿನವೂ ಸಾಲಲಿಲ್ಲ. ಚೆರಿ ಮರಗಳ ದಳಗಳು ಆಗಲೇ ಹುಲ್ಲಿನ ಮೇಲೆ ಉದುರಿದ್ದವು, ಆದರೆ ರಾಣಿ ಷಾರ್ಲೆಟ್‌ಳ ಕುಟೀರದ ಸುತ್ತಲಿನ ಕಾಡಿನಲ್ಲಿ ಬ್ಲೂಬೆಲ್ ಹೂಗಳು ನೆಲವೇ ಕಾಣದಂತೆ ಅರಳಿದ್ದವು. ಮಲೆನಾಡಿನಲ್ಲಿ ಬೆಳೆದ ಅಮ್ಮ ಅಲ್ಲಿ ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದರು. ದಣಿವಾದಾಗ, 1840ರ ದಶಕದಲ್ಲಿ ಕಬ್ಬಿಣ ಮತ್ತು ಗಾಜಿನಿಂದ ಕಟ್ಟಿದ ಪಾಮ್ ಹೌಸ್‌ನ ಒಳಗೆ ಹೋದೆವು. ಉಷ್ಣವಲಯದ ಗಿಡಗಳಿಗಾಗಿ ಕಾಯ್ದುಕೊಂಡಿರುವ ಆ ಬೆಚ್ಚನೆಯ, ತೇವದ ಗಾಳಿಯಲ್ಲಿ ಅವರಿಗೆ ಊರಿನ ತೋಟದ ನೆನಪಾಯಿತು.

ನಿಮ್ಮಲ್ಲೊಬ್ಬರು ಸೂಚಿಸಿದ್ದ, ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೂ ಹೋದೆವು. 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆ ಅಲ್ಲಿದೆ, ನದಿಯ ಆಚೆ ದಡದಲ್ಲಿ ಸಂಸತ್ ಭವನ. ಸೂರ್ಯ ಮುಳುಗುವುದು ರಾತ್ರಿ ಎಂಟರ ಸುಮಾರಿಗಾದ್ದರಿಂದ ಅಮ್ಮ ಅವಸರವಿಲ್ಲದೆ ಅಲ್ಲಿ ಕುಳಿತು ವಚನಗಳನ್ನು ಹೇಳಿಕೊಂಡರು.