22 ಗಂಟೆ ಆಯ್ತು, ಲ್ಯಾಂಡಿಂಗ್ ಇನ್ನೂ ಕೂಡಿಬರುತ್ತಿಲ್ಲ

ಪ್ರಶ್ನೆ: ನಮಸ್ಕಾರ ಮೇಡಂ. ಪ್ರೈವೇಟ್ ಪೈಲಟ್ ಲೈಸೆನ್ಸ್‌ಗಾಗಿ ಸೆಸ್ನಾ 172 ಅನ್ನುವ ಪುಟ್ಟ ವಿಮಾನದಲ್ಲಿ ಕಲಿಯುತ್ತಿದ್ದೇನೆ. ಹಾರಾಟ 22 ಗಂಟೆ ಆಗಿದೆ. ಟೇಕಾಫ್, ತಿರುವು, ಸ್ಟಾಲ್‌ನಿಂದ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಸ್ಥಿತಿ) ಹೊರಗೆ ಬರುವುದು ಎಲ್ಲ ಪರವಾಗಿಲ್ಲ. ಲ್ಯಾಂಡಿಂಗ್ ಮಾತ್ರ ಕೈಗೆ ಹತ್ತುತ್ತಿಲ್ಲ. ನೆಲ ಹತ್ತಿರ ಬಂತು ಅಂತ ಯೋಕ್ (ಮೂಗನ್ನು ಏರಿಸಿ ಇಳಿಸುವ ಹಿಡಿಕೆ) ಎಳೆದರೆ ವಿಮಾನ ಮತ್ತೆ ಮೇಲಕ್ಕೆದ್ದುಬಿಡುತ್ತದೆ. ಸ್ವಲ್ಪ ತಡ ಮಾಡಿದರೆ ದಡ್ ಅಂತ ಬೀಳುತ್ತದೆ. ನನ್ನ ಜೊತೆ ಸೇರಿದವರು 15 ಗಂಟೆಗೇ ಸೋಲೋ, ಅಂದರೆ ಒಬ್ಬರೇ ಹಾರಲು, ಹೋದರು. 40 ಗಂಟೆಗೆ ಲೈಸೆನ್ಸ್ ಅಂತಾರೆ, ನಾನು ಅದರಲ್ಲಿ ಅರ್ಧ ದಾಟಿದ್ದೇನೆ. ನನ್ನ ಕೈಲಿ ಇದು ಆಗುತ್ತಾ?

ಉತ್ತರ: ಆಗುತ್ತದೆ. ಮೊದಲು ಆ 40ರ ಲೆಕ್ಕ ತಲೆಯಿಂದ ತೆಗೆದುಹಾಕಿ. ಅದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಇಟ್ಟಿರುವ ಕನಿಷ್ಠ ಗಂಟೆ. ಕೆಲವು ಕಡೆ ಇದಕ್ಕಿಂತ ಜಾಸ್ತಿ ಕೇಳುತ್ತಾರೆ. ಸರಿಯಾಗಿ 40ಕ್ಕೇ ಮುಗಿಸುವವರು ತುಂಬಾ ಕಡಿಮೆ. 15ಕ್ಕೆ ಸೋಲೋ ಹೋದವರು, 30ಕ್ಕೆ ಹೋದವರು, ಇಬ್ಬರಿಗೂ ಕೊನೆಗೆ ಸಿಗುವುದು ಒಂದೇ ಲೈಸೆನ್ಸ್.

ಈಗ ಲ್ಯಾಂಡಿಂಗ್. ನೀವು ಹೇಳಿದ್ದು ನೋಡಿದರೆ, ತೊಂದರೆ ಇರುವುದು ಕೈಯಲ್ಲಿ ಅಲ್ಲ, ಕಣ್ಣಿನಲ್ಲಿ. ಕೊನೆ ಕ್ಷಣದಲ್ಲಿ ಮೂಗಿನ ಮುಂದಿನ ನೆಲವನ್ನೇ ನೋಡುತ್ತಿದ್ದೀರಿ, ಅಲ್ವಾ? ಅಲ್ಲಿ ಎಲ್ಲ ಸರ್ರನೆ ಓಡುತ್ತಿರುತ್ತದೆ. ಎಷ್ಟು ಎತ್ತರದಲ್ಲಿದ್ದೇವೆ ಅಂತ ಅಂದಾಜೇ ಸಿಗುವುದಿಲ್ಲ, ಗಾಬರಿಗೆ ಕೈ ಎಳೆದುಬಿಡುತ್ತದೆ. ರನ್‌ವೇ ಶುರುವಾದ ಜಾಗ ದಾಟುತ್ತಿದ್ದಂತೆ ದೃಷ್ಟಿಯನ್ನು ಅದರ ಆ ತುದಿಗೆ ಒಯ್ಯಿರಿ. ಕೆಳಗಿಳಿದ ಹಾಗೆಲ್ಲ ರನ್‌ವೇಯ ಎರಡು ಅಂಚುಗಳು ನಿಮ್ಮ ಎಡಕ್ಕೂ ಬಲಕ್ಕೂ ಅಗಲವಾಗುತ್ತಾ ಮೇಲಕ್ಕೆ ಬಂದಂತೆ ಕಾಣುತ್ತವೆ. ಎತ್ತರ ಹೇಳುವುದು ಅದು.

ಇನ್ನೊಂದು ಮಾತು. ವಿಮಾನವನ್ನು ನೆಲಕ್ಕೆ ಕೂರಿಸಲು ಹೋಗಬೇಡಿ. ಪವರ್ ತೆಗೆದ ಮೇಲೆ ಅದು ತಾನಾಗಿ ಕೂರಲು ನೋಡುತ್ತದೆ. ನಿಮ್ಮ ಕೆಲಸ ಅದನ್ನು ಕೂರದಂತೆ ತಡೆಯುವುದು. ಇಳಿಯುತ್ತಿದೆ ಅನಿಸಿದಾಗ ಒಂಚೂರು ಎಳೆಯಿರಿ, ನಿಲ್ಲಿಸಿ. ಮತ್ತೆ ಇಳಿಯಿತು, ಮತ್ತೆ ಒಂಚೂರು. ವೇಗ ಮುಗಿದಾಗ ಹಿಂದಿನ ಚಕ್ರಗಳು ತಾವೇ ನೆಲ ಮುಟ್ಟುತ್ತವೆ.

ಇದು ಕೂಡಿಬರಬೇಕಾದರೆ ಬರುವ ವೇಗ ಸರಿ ಇರಬೇಕು. 65 ನಾಟ್ ಇರಬೇಕಾದ ಕಡೆ 75ರಲ್ಲಿ ಬಂದರೆ ಹತ್ತೇ ಜಾಸ್ತಿ ಅನಿಸುತ್ತದೆ. ಆದರೆ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಮೂರನೇ ಒಂದು ಪಾಲು ಜಾಸ್ತಿ ಶಕ್ತಿ ಹೊತ್ತು ತಂದಿದ್ದೀರಿ. ಅದೆಲ್ಲ ಖರ್ಚಾಗುವವರೆಗೆ ವಿಮಾನ ತೇಲುತ್ತಲೇ ಇರುತ್ತದೆ. ನೆಲದ ಹತ್ತಿರ ರೆಕ್ಕೆಗೆ ಗಾಳಿಯ ಎಳೆತ ಬೇರೆ ಕಡಿಮೆ ಆಗುತ್ತದೆ. ಆಗ ಎಳೆದರೆ ಮೇಲಕ್ಕೇಳದೆ ಇನ್ನೇನು ಮಾಡೀತು? ಫೈನಲ್‌ಗೆ, ಅಂದರೆ ರನ್‌ವೇಗೆ ನೇರವಾಗಿ ಬರುವ ಕೊನೆಯ ದಾರಿಗೆ, ತಿರುಗಿದ ಮೇಲೆ ಟ್ರಿಮ್ (ಯೋಕ್ ಹಿಡಿಯುವ ಭಾರ ಕಡಿಮೆ ಮಾಡುವ ಚಕ್ರ) ಸರಿಮಾಡಿ, ವೇಗವನ್ನು ಅಲ್ಲೇ ಹಿಡಿದಿಡಿ.

ಪ್ರಶ್ನೆ: ಮೇಲಕ್ಕೆ ಎದ್ದೇಬಿಟ್ಟರೆ ಆಗ ಏನು ಮಾಡಲಿ? ಭಯಕ್ಕೆ ಮೂಗು ಕೆಳಗೆ ತಳ್ಳಬೇಕು ಅನಿಸುತ್ತದೆ.

ಉತ್ತರ: ತಳ್ಳಲೇಬೇಡಿ. ಮುಂದಿನ ಚಕ್ರ ಮೊದಲು ನೆಲಕ್ಕೆ ಹೊಡೆಯುತ್ತದೆ, ವಿಮಾನ ಪುಟಿಯುತ್ತದೆ. ಎರಡನೆಯ ಪುಟಿತ ಮೊದಲಿಗಿಂತ ದೊಡ್ಡದು, ಮೂರನೆಯದು ಇನ್ನೂ ದೊಡ್ಡದು. ಪ್ರೊಪೆಲ್ಲರ್ ನೆಲಕ್ಕೆ ತಾಗುವುದೂ ಹೀಗೇ. ಸ್ವಲ್ಪವೇ ಎದ್ದಿದ್ದರೆ ಮೂಗನ್ನು ಇದ್ದಲ್ಲೇ ಹಿಡಿದು ಚೂರು ಪವರ್ ಕೊಡಿ, ಮತ್ತೆ ಇಳಿಯಲು ಬಿಡಿ. ಜಾಸ್ತಿ ಎದ್ದಿದ್ದರೆ, ಅಥವಾ ಎಷ್ಟು ಎದ್ದಿದೆ ಅಂತ ಗೊತ್ತಾಗದಿದ್ದರೂ, ಗೋ ಅರೌಂಡ್, ಅಂದರೆ ಇಳಿಯದೆ ವಾಪಸ್ ಮೇಲೇರುವುದು.

ನಾನು ಕಲಿಯುವಾಗ ಒಂದು ದಿನ ಹೀಗೇ ಮೂರು ಸಲ ಪುಟಿದೆ. ಪಕ್ಕದಲ್ಲಿದ್ದ ನಮ್ಮ ಇನ್‌ಸ್ಟ್ರಕ್ಟರ್ ಕಂಟ್ರೋಲ್ ತೆಗೆದುಕೊಂಡು ವಿಮಾನ ಉಳಿಸಿದರು. ಆಮೇಲೆ ಒಂದು ವಾರ ಫೈನಲ್‌ಗೆ ತಿರುಗಿದರೆ ಸಾಕು, ನನ್ನ ಕೈ ಬಿಗಿಯಾಗುತ್ತಿತ್ತು. ಅವರು ಒಂದು ಬೆಳಿಗ್ಗೆ, "ಇವತ್ತು ಲ್ಯಾಂಡಿಂಗೇ ಬೇಡ" ಅಂದರು. ಎಂಟು ಸರ್ಕಿಟ್ (ಹಾರಿ, ಸುತ್ತು ಹಾಕಿ ಮತ್ತೆ ರನ್‌ವೇಗೆ ಬರುವುದು), ಎಂಟೂ ಗೋ ಅರೌಂಡ್. ಒಮ್ಮೆ ಎತ್ತರದಿಂದ, ಒಮ್ಮೆ ಚಕ್ರ ನೆಲ ಮುಟ್ಟುವ ಕ್ಷಣದಿಂದ. ಬೇಡ ಅನಿಸಿದಾಗ ವಾಪಸ್ ಮೇಲೆ ಹೋಗಬಹುದು ಅಂತ ಕೈಗೆ ಗೊತ್ತಾಯಿತು. ಮಾರನೇ ದಿನದಿಂದ ಲ್ಯಾಂಡಿಂಗ್ ಸುಧಾರಿಸಿತು. ನಿಮ್ಮ ಇನ್‌ಸ್ಟ್ರಕ್ಟರ್ ಹತ್ತಿರ ಇಂಥದ್ದೇ ಒಂದು ಪಾಠ ಕೇಳಿ ಪಡೆಯಿರಿ.

ಗೋ ಅರೌಂಡ್‌ನಲ್ಲೂ ಅವಸರ ಬೇಡ. ಥ್ರಾಟಲ್ (ಎಂಜಿನ್ ಪವರ್) ಪೂರ್ತಿ. ಮೂಗು ಜೋರಾಗಿ ಮೇಲೇಳಲು ನೋಡುತ್ತದೆ, ಅದನ್ನು ಒತ್ತಿ ಹಿಡಿಯಿರಿ. ಬಲಗಾಲಿನಲ್ಲಿ ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಪೆಡಲ್). ಫ್ಲಾಪ್ (ಇಳಿಯಲು ರೆಕ್ಕೆಯ ಹಿಂದೆ ಕೆಳಗಿಳಿಸಿದ ಹಲಗೆ) ಹಂತಹಂತವಾಗಿ ಮೇಲಕ್ಕೆ, ಒಂದೇ ಸಲಕ್ಕೆ ಎತ್ತಿದರೆ ವಿಮಾನ ಕುಸಿಯುತ್ತದೆ. ರೇಡಿಯೋದಲ್ಲಿ ಹೇಳುವುದು ಇದೆಲ್ಲ ಆದ ಮೇಲೆ.

ಇನ್ನೊಬ್ಬರ ಪ್ರಶ್ನೆ: ನಾನಿನ್ನೂ ಸೇರಿಲ್ಲ ಮೇಡಂ. ಕನ್ನಡಕ ಇದೆ, ತೊಂದರೆಯಾ? ಮನೆಯಲ್ಲಿ ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ ಅಭ್ಯಾಸ ಮಾಡಿದರೆ ಉಪಯೋಗ ಆಗುತ್ತಾ?

ಉತ್ತರ: ಕನ್ನಡಕ ಹಾಕಿಕೊಂಡು ದೃಷ್ಟಿ ಸರಿಯಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಫೀಸು ಕಟ್ಟುವ ಮುಂಚೆಯೇ ಮೆಡಿಕಲ್ ಮಾಡಿಸಿ. ಸಿಮ್ಯುಲೇಟರ್‌ನಿಂದ ಚೆಕ್‌ಲಿಸ್ಟ್, ರೇಡಿಯೋ ಮಾತು, ದಾರಿ ಹುಡುಕುವುದು ಚೆನ್ನಾಗಿ ಬರುತ್ತದೆ. ಲ್ಯಾಂಡಿಂಗ್ ಮಾತ್ರ ಅಲ್ಲಿ ಕಲಿಯಬೇಡಿ. ಪರದೆಯ ಮುಂದೆ ಕೂತು ಕೂತು ಮೀಟರ್‌ಗಳನ್ನೇ ನೋಡುವ ಅಭ್ಯಾಸ ಬಿದ್ದಿರುತ್ತದೆ. ಕಣ್ಣನ್ನು ಹೊರಗೆ ತರುವುದಕ್ಕೇ ನಮ್ಮಂಥ ಇನ್‌ಸ್ಟ್ರಕ್ಟರ್‌ಗಳಿಗೆ ಹಲವು ಗಂಟೆ ಹಿಡಿಯುತ್ತದೆ.

ಪ್ರಶ್ನೆ: ಮೊದಲು ಕೇಳಿದವನು ನಾನೇ. ಸೋಲೋ ದಿನ ಮೊದಲೇ ಹೇಳುತ್ತಾರಾ? ತಯಾರಿ ಏನಾದರೂ?

ಉತ್ತರ: ಬಹಳ ಸಲ ಹೇಳುವುದಿಲ್ಲ. ಮೂರ್ನಾಲ್ಕು ಲ್ಯಾಂಡಿಂಗ್ ಸರಿಯಾಗಿ ಬಂದರೆ ಸುಮ್ನೆ ಪಕ್ಕಕ್ಕೆ ನಿಲ್ಲಿಸಿ, "ಈಗ ನೀವೊಬ್ಬರೇ ಒಂದು ಸುತ್ತು ಹಾಕಿ ಬನ್ನಿ" ಅಂತ ಇಳಿದುಬಿಡುತ್ತೇವೆ. ಒಬ್ಬರ ಭಾರ ಇಲ್ಲದ್ದರಿಂದ ವಿಮಾನ ಬೇಗ ಮೇಲೇರುತ್ತದೆ, ಸರ್ಕಿಟ್ ಎತ್ತರ ನೀವು ಅಂದುಕೊಂಡದ್ದಕ್ಕಿಂತ ಮೊದಲೇ ಬರುತ್ತದೆ. ಇಳಿಯುವಾಗ ಸ್ವಲ್ಪ ಜಾಸ್ತಿ ತೇಲುತ್ತದೆ. ಆಗಲೂ ನೋಟ ರನ್‌ವೇಯ ಆ ತುದಿಯಲ್ಲೇ ಇರಲಿ. ಹೊರಡುವ ಮುಂಚೆ ಬಲಗಡೆಯ ಖಾಲಿ ಸೀಟಿನ ಬೆಲ್ಟನ್ನು ಬಿಗಿಯಾಗಿ ಕಟ್ಟಿಡಿ, ಕಂಟ್ರೋಲ್‌ಗೆ ಸಿಕ್ಕಿಕೊಳ್ಳಬಾರದು.