ಎದ್ದು ನಿಂತಾಗ ಕಣ್ಣು ಕತ್ತಲಿಡುವುದು, ಉಸಿರು ಬಿಗಿಹಿಡಿದಾಗ ಚಡಪಡಿಕೆ: ಒಳಗೆ ನಡೆಯುವುದೇನು?

ಪ್ರಶ್ನೆ | ಶರೀರಕ್ರಿಯಾ_ವಿದ್ಯಾರ್ಥಿ

ಮಲಗಿದ್ದವರು ದಿಢೀರನೆ ಎದ್ದು ನಿಂತರೆ ಹತ್ತು ಸೆಕೆಂಡಿನೊಳಗೆ ಕಣ್ಣು ಕತ್ತಲಿಟ್ಟು, ಮತ್ತೆ ತಾನಾಗಿಯೇ ಸರಿಹೋಗುವುದುಂಟು. ಆಗ ಬಿ.ಪಿ. ನೋಡಿದರೆ ಸರಿಯಾಗಿಯೇ ಇರುತ್ತದೆ. ಕುತ್ತಿಗೆಯ ಕೆರೋಟಿಡ್ ಸೈನಸ್ ರಕ್ತದ ಒತ್ತಡ, ಆಮ್ಲಜನಕ ಎರಡನ್ನೂ ಅಳೆದು ಮೆದುಳಿಗೆ ತಿಳಿಸುತ್ತದೆ ಎಂದು ಓದಿದ್ದೇನೆ. ಹಾಗಿದ್ದ ಮೇಲೆ ಒತ್ತಡ ಬೀಳದಂತೆ ಅದು ತಡೆಯಬೇಕಿತ್ತಲ್ಲವೇ? ಇನ್ನೊಂದು: ಉಸಿರು ಬಿಗಿಹಿಡಿದಾಗಿನ ಚಡಪಡಿಕೆ ಆಮ್ಲಜನಕ ಕಡಿಮೆಯಾಗಿದ್ದಕ್ಕೇನಾ? ಹಾಗಾದರೆ ಮೊದಲೇ ಜೋರಾಗಿ ಉಸಿರಾಡಿಕೊಂಡು ನೀರಿನಡಿ ಈಜುವುದು ಅಪಾಯ ಎನ್ನುವುದೇಕೆ?

ಉತ್ತರ 1 | ನಾಡಿಮಿಡಿತ

ಸೈನಸ್ ನೇರವಾಗಿ ಒತ್ತಡವನ್ನು ಅಳೆಯುವುದಿಲ್ಲ. ಅದಕ್ಕೆ ಗೊತ್ತಾಗುವುದು ಅಪಧಮನಿಯ ಗೋಡೆ ಎಷ್ಟು ಹಿಗ್ಗಿದೆ ಎಂಬುದಷ್ಟೇ. ದವಡೆಯ ಮೂಲೆಯ ಕೆಳಗೆ, ತಲೆಗೆ ರಕ್ತ ಒಯ್ಯುವ ಕೆರೋಟಿಡ್ ಅಪಧಮನಿ ಎರಡಾಗಿ ಕವಲೊಡೆಯುವ ಕಡೆ ಗೋಡೆಯಲ್ಲಿ ನರದ ತುದಿಗಳು ಹೆಣೆದುಕೊಂಡಿವೆ. ಗೋಡೆ ಹಿಗ್ಗಿದಷ್ಟೂ ಅವು ಹೆಚ್ಚು ಸಂಕೇತ ಕಳಿಸುತ್ತವೆ. ಈ ಸಂಕೇತ ಹೋಗುವುದು ಒಂಬತ್ತನೆಯ ಕಪಾಲ ನರದ ಮೂಲಕ. ಮಹಾಪಧಮನಿಯ ಕಮಾನಿನಲ್ಲೂ ಇಂಥ ತುದಿಗಳಿವೆ, ಅವುಗಳ ಸಂಕೇತ ಹತ್ತನೆಯ ನರವಾದ ವೇಗಸ್‌ನಲ್ಲಿ ಸಾಗುತ್ತದೆ. ಎರಡೂ ತಲುಪುವುದು ಮೆದುಳಿನ ಬುಡದ ಭಾಗವಾದ ಮೆಡುಲ್ಲಾದ ಒಂದೇ ಜಾಗಕ್ಕೆ, ಅಲ್ಲಿನ ನರಕೋಶಗಳ ಗುಂಪಾದ ನ್ಯೂಕ್ಲಿಯಸ್ ಟ್ರ್ಯಾಕ್ಟಸ್ ಸಾಲಿಟೇರಿಯಸ್‌ಗೆ.

ಸಂಕೇತ ತಗ್ಗಿದರೆ ಮೆಡುಲ್ಲಾ ಎರಡು ಕೆಲಸ ಮಾಡಿಸುತ್ತದೆ. ಹೃದಯದ ಮೇಲೆ ವೇಗಸ್ ಹಾಕಿದ್ದ ಕಡಿವಾಣ ಸಡಿಲವಾಗುತ್ತದೆ. ಇದು ಒಂದೆರಡು ಬಡಿತದೊಳಗೇ ಆಗಿಬಿಡುತ್ತದೆ. ದೇಹವನ್ನು ಚುರುಕುಗೊಳಿಸುವ ಸಿಂಪಥೆಟಿಕ್ ನರಗಳು ರಕ್ತನಾಳಗಳನ್ನು ಬಿಗಿ ಮಾಡುತ್ತವೆ. ಇದು ಶುರುವಾಗಲಿಕ್ಕೇ 2–3 ಸೆಕೆಂಡು ಬೇಕು, ಪೂರ್ತಿ ಬಿಗಿಯಾಗಲು ಇನ್ನೂ ಹೆಚ್ಚು. ನೀವು ಹೇಳುವ ಕತ್ತಲೆ ಬರುವುದು ಈ ಸಂದಿನಲ್ಲಿ. ಬೀಳುವ ಮೊದಲೇ ತಡೆಯುವ ವ್ಯವಸ್ಥೆ ಇದಲ್ಲ, ಬಿದ್ದದ್ದನ್ನು ನೋಡಿ ಎತ್ತುವ ವ್ಯವಸ್ಥೆ.

ಎದ್ದು ನಿಂತಾಗ ಸುಮಾರು ಅರ್ಧ ಲೀಟರಿಗೂ ಮೇಲ್ಪಟ್ಟು ರಕ್ತ ಹೊಟ್ಟೆ, ಕಾಲುಗಳ ಅಭಿಧಮನಿಗಳಿಗೆ ಇಳಿಯುತ್ತದೆ ಎಂಬುದು ಎಲ್ಲ ಪುಸ್ತಕದಲ್ಲೂ ಇದೆ. ಹೆಚ್ಚಿನವರು ಬಿಡುವ ಸಂಗತಿ ಬೇರೆ: ನಾವೇ ಎದ್ದಾಗ ತೊಡೆ, ಹೊಟ್ಟೆಯ ಸ್ನಾಯುಗಳು ಒಮ್ಮೆ ಬಿಗಿದು ರಕ್ತವನ್ನು ಹೃದಯಕ್ಕೆ ತಳ್ಳುತ್ತವೆ. ಅಲ್ಲಿನ ಹಿಗ್ಗುವಿಕೆಯನ್ನು ಕಂಡು ಮೆಡುಲ್ಲಾ ಕ್ಷಣಕಾಲ ರಕ್ತನಾಳಗಳನ್ನು ಸಡಿಲ ಬಿಡುತ್ತದೆ. ಬೇಡದ ಹೊತ್ತಿನಲ್ಲಿ ಬಂದ ಸಡಿಲಿಕೆ ಅದು. ವಾಲುವ ಮಂಚದ ಮೇಲೆ ರೋಗಿಯನ್ನು ಹಾಗೆಯೇ ಎತ್ತಿ ನಿಲ್ಲಿಸಿದರೆ ಈ ಆರಂಭದ ಕುಸಿತ ಅಷ್ಟಾಗಿ ಕಾಣುವುದಿಲ್ಲ.

ಇನ್ನು ಬಿ.ಪಿ. ಸರಿಯಿದ್ದದ್ದು. ಈ ಕುಸಿತ ಆಗುವುದು ಮೊದಲ 15 ಸೆಕೆಂಡಿನಲ್ಲಿ. ತೋಳಿಗೆ ಸುತ್ತುವ ಪಟ್ಟಿ (ಕಫ್) ಗಾಳಿ ತುಂಬಿ, ಇಳಿಸಿ, ಅಂಕಿ ತೋರಿಸುವ ಹೊತ್ತಿಗೆ ಅರ್ಧ ನಿಮಿಷವೇ ಕಳೆದಿರುತ್ತದೆ. ಪ್ರತಿ ಬಡಿತದ ಒತ್ತಡವನ್ನೂ ಬರೆದುಕೊಳ್ಳುವ ಯಂತ್ರವಿದ್ದರೆ ಮಾತ್ರ ಅದು ಸಿಗುತ್ತದೆ.

ಉತ್ತರ 2 | ಉಸಿರುಗೂಡು

ಒಂದು ತಿದ್ದುಪಡಿ. ಆಮ್ಲಜನಕವನ್ನು ಗಮನಿಸುವುದು ಕೆರೋಟಿಡ್ ಸೈನಸ್ ಅಲ್ಲ, ಅದರ ಪಕ್ಕದಲ್ಲೇ, ಕವಲಿನ ಸಂದಿಯಲ್ಲಿರುವ ಕೆರೋಟಿಡ್ ಬಾಡಿ. ಕಾಳಿನಷ್ಟು ಚಿಕ್ಕದು. ಎರಡರ ಹೆಸರೂ ಜಾಗವೂ ಹತ್ತಿರ, ನರವೂ ಒಂದೇ, ಗೊಂದಲ ಸಹಜ.

ಈ ಬಾಡಿ ಆಮ್ಲಜನಕಕ್ಕೆ ಜೋರಾಗಿ ಓಗೊಡುವುದು ಅಪಧಮನಿ ರಕ್ತದಲ್ಲಿ ಅದರ ಆಂಶಿಕ ಒತ್ತಡ (ಆ ಒಂದು ಅನಿಲದ್ದೇ ಪಾಲಿನ ಒತ್ತಡ) 60 ಮಿ.ಮೀ. ಪಾದರಸಕ್ಕಿಂತ ಕೆಳಗಿಳಿದಾಗ. ದಿನನಿತ್ಯದ ಉಸಿರಾಟವನ್ನು ನಡೆಸುವುದು ಇಂಗಾಲದ ಡೈಆಕ್ಸೈಡ್. ಅದು ರಕ್ತದಿಂದ ಮೆದುಳಿನ ದ್ರವಕ್ಕೆ ಸಲೀಸಾಗಿ ದಾಟಿ ಅಲ್ಲಿ ಆಮ್ಲೀಯತೆ ಹೆಚ್ಚಿಸುತ್ತದೆ. ಮೆಡುಲ್ಲಾದ ಮುಂಭಾಗದ ನರಕೋಶಗಳು ಅದನ್ನು ಹಿಡಿದು, ಉಸಿರಿನ ಲಯ ಹುಟ್ಟಿಸುವ ಪ್ರಿ-ಬಾಟ್ಜಿಂಗರ್ ಕಾಂಪ್ಲೆಕ್ಸ್ ಅನ್ನು ಚುರುಕುಗೊಳಿಸುತ್ತವೆ. ಬಿಗಿಹಿಡಿದ ಉಸಿರಿನ ಚಡಪಡಿಕೆಗೆ ಮುಖ್ಯ ಕಾರಣ ಇದೇ.

ಈಗ ನೀರಿನ ವಿಷಯ. ರಭಸದಿಂದ ಉಸಿರಾಡಿದರೆ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ, ರಕ್ತದಲ್ಲಿ ಅದನ್ನು ಹೊರುವ ಹಿಮೋಗ್ಲೋಬಿನ್ ಮೊದಲೇ ಶೇ. 97–98ರಷ್ಟು ತುಂಬಿರುತ್ತದೆ. ಆದರೆ ಇಂಗಾಲದ ಡೈಆಕ್ಸೈಡ್‌ನ ಆಂಶಿಕ ಒತ್ತಡ 40 ಮಿ.ಮೀ. ಪಾದರಸದಿಂದ ಸರ್ರನೆ ಇಳಿಯುತ್ತದೆ. ನೀರಿನಡಿ ಅದು ಮತ್ತೆ ಚಡಪಡಿಕೆ ಹುಟ್ಟಿಸುವ ಮಟ್ಟಕ್ಕೆ ಏರುವುದರೊಳಗೆ ಆಮ್ಲಜನಕ ಪ್ರಜ್ಞೆ ತಪ್ಪುವ ಮಟ್ಟಕ್ಕೆ ಕುಸಿದಿರುತ್ತದೆ. ಮುನ್ಸೂಚನೆಯೇ ಬರದೆ ಪ್ರಜ್ಞೆ ಹೋಗುತ್ತದೆ. ಎಷ್ಟು ಚೆನ್ನಾಗಿ ಈಜು ಬಂದರೂ ಇದರಿಂದ ರಕ್ಷಣೆಯಿಲ್ಲ. ದಯವಿಟ್ಟು ಯಾರೂ ಪ್ರಯತ್ನಿಸಬೇಡಿ.

ಮರುಪ್ರಶ್ನೆ | ಶರೀರಕ್ರಿಯಾ_ವಿದ್ಯಾರ್ಥಿ

ಹಾಗಾದರೆ ಬಿ.ಪಿ. ಹೆಚ್ಚಿರುವವರು ಕುತ್ತಿಗೆಯನ್ನು ಒತ್ತಿ ಇಳಿಸಿಕೊಳ್ಳಬಹುದಲ್ಲ? ಮತ್ತೆ, ಎದ್ದಾಗಿನ ಕುಸಿತ ಮಾಮೂಲಿಯೋ ನರದ ತೊಂದರೆಯೋ ಎಂದು ತಿಳಿಯುವುದು ಹೇಗೆ?

ಉತ್ತರ 3 | ನಾಡಿಮಿಡಿತ

ಕುತ್ತಿಗೆ ಒತ್ತಲೇಬಾರದು. ಅಪಧಮನಿಯಲ್ಲಿ ಕೊಬ್ಬಿನ ಪದರವಿದ್ದರೆ ಚೂರು ಕಿತ್ತು ಮೆದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದು. ಕೆಲವರ ಹೃದಯ ಹಲವು ಸೆಕೆಂಡು ನಿಂತುಬಿಡುತ್ತದೆ. ವೈದ್ಯರು ಮಾಡಿದರೂ ಒಂದೊಂದೇ ಬದಿ, ಇ.ಸಿ.ಜಿ. ಹಾಕಿಕೊಂಡು. ಅಲ್ಲದೆ ಒತ್ತಡ ಒಂದೆರಡು ದಿನ ಮೇಲೇ ನಿಂತರೆ ಈ ನರಗಳು ಅದನ್ನೇ ಸಾಮಾನ್ಯವೆಂದು ಒಪ್ಪಿಕೊಳ್ಳುತ್ತವೆ. ದೀರ್ಘಕಾಲದ ಹೆಚ್ಚು ಬಿ.ಪಿ.ಯನ್ನು ಅವು ಇಳಿಸದಿರುವುದಕ್ಕೆ ಇದೂ ಒಂದು ಕಾರಣ.

ಪರೀಕ್ಷೆ ಹೀಗೆ: 5 ನಿಮಿಷ ಮಲಗಿಸಿ ಬಿ.ಪಿ., ನಾಡಿ ನೋಡಿ. ನಿಲ್ಲಿಸಿ 1ನೇ ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಆರ್ಥೋಸ್ಟ್ಯಾಟಿಕ್ ಹೈಪೊಟೆನ್ಷನ್, ಅಂದರೆ ನಿಂತಾಗ ಒತ್ತಡ ಬೀಳುವ ತೊಂದರೆ. ನಿಂತಾಗ ತೋಳನ್ನು ಎದೆಯ ಮಟ್ಟಕ್ಕೆ ಆನಿಸಿಡಬೇಕು. ತೋಳು ಜೋತುಬಿಟ್ಟರೆ ಕಫ್ ಹೃದಯಕ್ಕಿಂತ ತಗ್ಗಿದ ಪ್ರತಿ 10 ಸೆಂ.ಮೀ.ಗೆ ಸುಮಾರು 8 ಅಂಕಿ ಹೆಚ್ಚು ಬರುತ್ತದೆ, ನಿಜವಾದ ಕುಸಿತ ಮುಚ್ಚಿಹೋಗುತ್ತದೆ. ಅತಿ ಸಾಮಾನ್ಯವಾಗಿ ಆಗುವ ತಪ್ಪು ಇದು.

ನಾಡಿ ಬಹಳ ಹೇಳುತ್ತದೆ. ಒತ್ತಡ 30 ಬಿದ್ದು ನಾಡಿ 15ಕ್ಕಿಂತ ಕಡಿಮೆ ಏರಿದರೆ ನರಗಳೇ ಓಗೊಡುತ್ತಿಲ್ಲ ಎಂಬ ಅನುಮಾನ ಬರಬೇಕು; ಹಳೆಯ ಸಕ್ಕರೆ ಕಾಯಿಲೆ, ಪಾರ್ಕಿನ್ಸನ್‌ನಲ್ಲಿ ಹೀಗಾಗುತ್ತದೆ. ನಾಡಿ ಚೆನ್ನಾಗಿ ಏರಿದರೆ ನಿರ್ಜಲೀಕರಣ, ರಕ್ತಸ್ರಾವ ಅಥವಾ ಔಷಧಿಯನ್ನು ಮೊದಲು ಹುಡುಕಿ. ಮೂತ್ರ ಹೆಚ್ಚಿಸುವ ಮಾತ್ರೆ, ಪ್ರಾಸ್ಟೇಟ್‌ಗೆ ಕೊಡುವ ಆಲ್ಫಾ ಬ್ಲಾಕರ್ ಇಂಥವು. ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರ ನಾಡಿ ಹೇಗೂ ಅಷ್ಟಾಗಿ ಏರುವುದಿಲ್ಲ, ಅವರಲ್ಲಿ ಈ ಲೆಕ್ಕ ನಂಬುವಂತಿಲ್ಲ.

ಮಾಮೂಲಿ ಕ್ಷಣಿಕ ಕತ್ತಲೆಗೆ ಮಾಡಬಹುದಾದ್ದು: ಏಳುವ ಮುನ್ನ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಪಾದ ಮೇಲೆ ಕೆಳಗೆ ಆಡಿಸಿ. ನಿಂತ ಕೂಡಲೇ ಕಾಲನ್ನು ಕತ್ತರಿಯಂತೆ ಅಡ್ಡ ಇಟ್ಟು ತೊಡೆ, ಪೃಷ್ಠ ಬಿಗಿ ಮಾಡಿ. ಕತ್ತಲೆ ಕವಿದರೆ ಗೋಡೆ ಹಿಡಿದು ನಿಲ್ಲಲು ಹೋಗಬೇಡಿ, ಇದ್ದಲ್ಲೇ ಕುಕ್ಕರಗಾಲಲ್ಲಿ ಕುಳಿತುಬಿಡಿ.