1.8 ಮೀಟರ್ ಗೋಡೆಗೆ ಪೈಲ್ ಬರೀ 0.82 ಮೀಟರ್ ಆಳ? ಲೆಕ್ಕ ಎಲ್ಲಿ ತಪ್ಪಿದೆ?

ಮರಳುಗುಡ್ಡೆ:
ಸಣ್ಣ ಸೋಲ್ಜರ್ ಪೈಲ್ ಗೋಡೆಯ (ಸಾಲಾಗಿ ನೆಲಕ್ಕೆ ಇಳಿಸಿದ ಕಂಬಗಳಿಂದ ಮಣ್ಣು ತಡೆಯುವ ಗೋಡೆ) ಲೆಕ್ಕ ಹಾಕ್ತಿದ್ದೇನೆ. ಎತ್ತರ 1.8 ಮೀ., ಪೈಲ್‌ನಿಂದ ಪೈಲ್‌ಗೆ 2 ಮೀ., ಗುಂಡಿಯ ವ್ಯಾಸ 0.45 ಮೀ. ಅದರಲ್ಲಿ ಉಕ್ಕಿನ ಎಚ್ ಬೀಮ್ ನಿಲ್ಲಿಸಿ ಕಾಂಕ್ರೀಟ್ ತುಂಬುವುದು, ನಡುವೆ ಹಲಗೆ. ಮರಳು ಮಣ್ಣು, ಘರ್ಷಣೆ ಕೋನ 30 ಡಿಗ್ರಿ, ಘನ ಮೀಟರಿಗೆ 18 ಕಿಲೋನ್ಯೂಟನ್. ಎರಡೂ ಕಡೆ ಸಮತಟ್ಟು, ನೀರಿಲ್ಲ. ಆಕ್ಟಿವ್ (ಹಿಂದಿನ ಮಣ್ಣು ತಳ್ಳುವ) ಒತ್ತಡದ ಗುಣಾಂಕ 0.33, ಪ್ಯಾಸಿವ್ (ಮುಂದಿನ ಮಣ್ಣು ಎದುರು ನಿಲ್ಲುವ) ಒತ್ತಡದ್ದು 3. ಪೈಲ್ ಕೆಳತುದಿಯ ಸುತ್ತ ಮೊಮೆಂಟ್ (ಬಲ ಗುಣಿಸು ದೂರ, ಅಂದ್ರೆ ತಿರುಗಿಸುವ ಪರಿಣಾಮ) ಸರಿದೂಗಿಸಿದರೆ 0.82 ಮೀ. ಸಾಕಂತೆ! ನಂಬೋಕೆ ಆಗ್ತಿಲ್ಲ.

ಕಣ್ಣಂದಾಜು:
ಮೇಲೆ ಎಷ್ಟೋ ಕೆಳಗೂ ಅಷ್ಟೇ. 1.8 ಇಳಿಸಿ ಸುಮ್ನಿರಿ.

ಹಳೇಪಿಕಾಸಿ:
ಸುಮ್ನಿರೋ ಹಾಗಿಲ್ಲ. ಸುರಕ್ಷತೆ ಏನೂ ಇಡದೆ ಲೆಕ್ಕ ಹಾಕಿದರೇ 1.6 ಮೀ. ದಾಟುತ್ತೆ. 1.8ರಲ್ಲಿ ಉಳಿಯೋದು ಬೆರಳೆಣಿಕೆಯಷ್ಟು.

ಮರಳುಗುಡ್ಡೆ ಅವರೇ, ಪ್ಯಾಸಿವ್ ಅಗಲ (ಒಂದು ಪೈಲ್ ಪರವಾಗಿ ಎದುರು ನಿಲ್ಲುವ ಮಣ್ಣಿನ ಅಗಲ) 6 ಮೀ. ಅಂತ ಹಾಕಿ ನೋಡಿದೆ, ಸರಿಯಾಗಿ ನಿಮ್ಮ 0.82 ಬಂತು. ಈ ಅಗಲಕ್ಕೆ ಮಣ್ಣಿನ ಎಂಜಿನಿಯರ್ ಬ್ರಾಮ್ಸ್ ಹೇಳುವ ಮೂರು ಪಟ್ಟು ಗುಂಡಿಯ ವ್ಯಾಸಕ್ಕೆ, ಪೈಲ್‌ಗಳ ಅಂತರಕ್ಕಲ್ಲ. ನೀವು 2 ಮೀಟರನ್ನು ಮೂರರಿಂದ ಗುಣಿಸಿದ್ದೀರಿ, ಅಲ್ವಾ? ಅಂತರವೇ 2 ಮೀ. ಇರುವಾಗ ಒಂದು ಪೈಲ್‌ಗೆ 6 ಮೀ. ಮಣ್ಣು ಎಲ್ಲಿಂದ ಬರಬೇಕು? ಸರಿಯಾದ ಅಗಲ 1.35 ಮೀ.

ಅಗೆದ ಮಟ್ಟದವರೆಗೆ ಆಕ್ಟಿವ್ ಒತ್ತಡ ಪೂರ್ತಿ 2 ಮೀ. ಅಗಲಕ್ಕೆ, ಹಲಗೆ ಅದನ್ನು ಪೈಲ್‌ಗೆ ತಲುಪಿಸುತ್ತೆ. ಕೆಳಗೆ ಹಲಗೆ ಇಲ್ಲ, ಹಾಗಾಗಿ ಬರೀ 0.45. ಸುರಕ್ಷತೆಗೆ ಪ್ಯಾಸಿವ್ ಅನ್ನು 1.5ರಿಂದ ಭಾಗಿಸಿ. ಮುಂದಿನ ಮಣ್ಣಿನ ಮೇಲಿನ ಒಂದು ವ್ಯಾಸದಷ್ಟನ್ನು ಲೆಕ್ಕಕ್ಕೇ ಹಿಡೀಬೇಡಿ. ನಾಳೆ ಯಾರೋ ಅಲ್ಲಿ ಚರಂಡಿ ತೋಡ್ತಾರೆ. ಆಗ 2.12 ಮೀ. ಬರುತ್ತೆ. ಇದಕ್ಕೆ ಶೇ. 20 ಸೇರಿಸಿದರೆ ಸುಮಾರು 2.55.

ಮರಳುಗುಡ್ಡೆ:
1.5 ಆಗಲೇ ಇದೆಯಲ್ಲ, ಮತ್ತೆ ಶೇ. 20 ಯಾಕೆ? ಎರಡೆರಡು ಸಲ ಸುರಕ್ಷತೆ ಆಗಲ್ವಾ?

ಹಳೇಪಿಕಾಸಿ:
ಇದು ಸುರಕ್ಷತೆಯಲ್ಲ, ಸರಳೀಕರಣದ ಸಾಲ ತೀರಿಸೋದು. ಪೈಲ್ ಬಾಗುವಾಗ ಅದರ ತುದಿ ಹಿಂದಕ್ಕೆ ಒದೆಯುತ್ತೆ. ಆ ಒದೆತಕ್ಕೆ ಎದುರು ನಿಲ್ಲುವ ಮಣ್ಣಿನ ಬಲವನ್ನು ನಾವು ತುದಿಯಲ್ಲೇ ಒಂದು ಬಿಂದುವಿಗೆ ಕಟ್ಟಿಬಿಟ್ಟಿದ್ದೇವೆ. ನಿಜದಲ್ಲಿ ಅದಕ್ಕೂ ಒಂದಿಷ್ಟು ಉದ್ದ ಬೇಕು. ಕೆಲವರು 1.5 ಬಿಟ್ಟು ಆಳವನ್ನೇ ಶೇ. 20ರಿಂದ 40 ಹೆಚ್ಚಿಸ್ತಾರೆ. ಆ ದಾರಿ ಬೇರೆ. ಎರಡನ್ನೂ ಅರ್ಧರ್ಧ ಬೆರೆಸಬೇಡಿ.

ಇನ್ನೊಂದು. ಬೀಮ್ ಯಾವ ಮೊಮೆಂಟಿಗೆ ಆರಿಸಿದ್ರಿ? ಅಗೆದ ಮಟ್ಟದಲ್ಲಿ 11.7 ಕಿಲೋನ್ಯೂಟನ್ ಮೀಟರ್ ಅಷ್ಟೇ. 0.8 ಮೀ. ಕೆಳಗೆ ಹೋದರೆ 23ರ ಹತ್ತಿರ, ಅದೂ ಯಾವ ಸುರಕ್ಷತಾ ಗುಣಕವೂ ಇಲ್ಲದೆ. ತಮಾಷೆ ಅಂದ್ರೆ, ನೀವು ಪೈಲ್ ಮುಗಿಸಹೊರಟಿದ್ದ ಜಾಗದಲ್ಲೇ ಅದಕ್ಕೆ ಬಾಗುವ ಒತ್ತಡ ಅತಿ ಜಾಸ್ತಿ.

ಮರಳುಗುಡ್ಡೆ:
ಸಿಕ್ಕಿತು. ಸ್ಪ್ರೆಡ್‌ಶೀಟ್ ಸೂತ್ರದಲ್ಲಿ ಸಿ9 (ಗುಂಡಿಯ ವ್ಯಾಸ) ಇರಬೇಕಾದಲ್ಲಿ ಸಿ7 (ಅಂತರ) ಕೂತಿತ್ತು. ಈಗ ನನಗೂ 2.12. ಬೀಮ್ ಆರಿಸಿದ್ದು 11.7ಕ್ಕೇ, ಅದನ್ನೂ ಬದಲಾಯಿಸ್ತೀನಿ.